ಮುರಿಗೆಪ್ಪ ಮಾಸ್ತರರ ಹೊಗೆಯಿಲ್ಲದ ಒಲೆ

ಗೋಕಾಕದ ಮುರಿಗೆಪ್ಪ ಮಾಸ್ತರರಿಗೆ ಜಗತ್ತಿನಲ್ಲಿ ಯಾರ ಬರವಣಿಗೆಯೂ ಹಿಡಿಸುತ್ತಿರಲಿಲ್ಲ. ಮದುವೆಗೆ ಕರೆಯಲು ಬಂದವರ ಲಗ್ನಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, "ಹಂದರ ಯಾವ ಓಣ್ಯಾಗ ಅಂತ ಬರದಿಲ್ಲಲ್ಲೊ. ಹೋಳಿಗಿ ವಾಸನಿ ಹಿಡಕೊಂಡ ಬರಬೇಕೇನು?" ಎಂದು ವಾಪಸು ಕೊಡುತ್ತಿದ್ದರು. ಕರೆಯಲು ಬಂದವರು ಹೊಟ್ಟೆಯೊಳಗೇ ಬೈದುಕೊಂಡು ಹೋಗುತ್ತಿದ್ದರು. ಶಾಲೆಯಲ್ಲಿ ಬಡಿಗತನ ಕಲಿಸಿ ನಿವೃತ್ತರಾದವರು. "ಒಂದು ಗೇಣು ಅಂದ್ರ ಯಾರ ಗೇಣು?" ಎಂದು ಹುಡುಗರನ್ನು ಕೇಳಿ ಕೇಳಿಯೇ ತಲೆಕೂದಲು ಬೆಳ್ಳಗಾಗಿತ್ತು.

ಆಗಷ್ಟೇ ಈ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು. ಅಲ್ಲಿಯ ತನಕ ಮರಾಠಿಯಲ್ಲಿ ಬರುತ್ತಿದ್ದ ತಿಳಿವಳಿಕೆಯ ಕಾಗದಗಳು ಇನ್ನು ಮೇಲೆ ಕನ್ನಡದಲ್ಲಿ ಬೇಕೆಂದು ಹುಕ್ಕೇರಿಯ ಗ್ರಾಮೋದ್ಧಾರ ಮಂಡಳಿಯವರು ವರ್ಷಕ್ಕೊಂದು ಸ್ಪರ್ಧೆ ಇಟ್ಟರು. ಕುಡಿಯುವ ನೀರು ಸೋಸುವುದು, ಗೊಬ್ಬರದ ಗುಂಡಿ ತೋಡುವುದು, ಒಲೆ ಕಟ್ಟುವುದು, ಹೀಗೆ ಯಾವುದಾದರೂ ಒಂದು ಕೆಲಸವನ್ನು ಓದಿದವನು ಕೈಯಾರೆ ಮಾಡುವಂತೆ ಬರೆಯಬೇಕು. ಗೆದ್ದವರಿಗೆ ಒಂದು ಶಾಲು. ಅದಕ್ಕಿಂತ ದೊಡ್ಡದೆಂದರೆ ಅವರ ಬರಹ ಅಚ್ಚಾಗಿ ಊರೂರಿಗೆ ಹೋಗುತ್ತಿತ್ತು.

ಮಾಸ್ತರರಿಗೆ ಶಾಲು ಬೇಕಿರಲಿಲ್ಲ, ಅಚ್ಚು ಬೇಕಿತ್ತು. 'ಹೊಗೆಯಿಲ್ಲದ ಒಲೆ ಕಟ್ಟುವ ಕ್ರಮ' ಎಂಬ ತಮ್ಮ ಬರಹವನ್ನು ತಿದ್ದಿ ತೀಡಿ ವರ್ಷ ವರ್ಷ ಕಳಿಸಿದರು. ವರ್ಷ ವರ್ಷ ಅದು ತಿರುಗಿ ಬಂತು. ಆಗಿನ ತೀರ್ಪುಗಾರರೋ, ಒಬ್ಬ ವಕೀಲ, ಒಬ್ಬ ಪುರಾಣಿಕ. ಇಬ್ಬರೂ ಜನ್ಮದಲ್ಲಿ ಸಲಿಕೆ ಹಿಡಿದವರಲ್ಲ. ಗೊಬ್ಬರದ ಗುಂಡಿಯ ಬಗ್ಗೆ ಬರೆದ ತುಕ್ಕಾನಟ್ಟಿಯ ಮಹಾಶಯನೊಬ್ಬನಿಗೆ ಶಾಲು ಹೊದಿಸಿದರು. ಆತ ಕಾಮಧೇನುವಿನಿಂದ ಶುರುಮಾಡಿ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದು, ಗುಂಡಿ ಎಷ್ಟು ಆಳ ಎಂಬುದನ್ನೇ ಮರೆತಿದ್ದ. ಮಾಸ್ತರರ ಬರಹದ ಮೇಲೆ ಮಾತ್ರ "ಭಾಷೆಯಲ್ಲಿ ರಸವಿಲ್ಲ" ಎಂದು ಬರೆದು ಕಳಿಸಿದ್ದರು.

"ರಸ ಬೇಕಾದ್ರ ಕಬ್ಬಿನ ಗಾಣಕ ಹೋಗ್ರಿ. ಒಲ್ಯಾಗ ಎಲ್ಲಿಂದ ತರ್ಲಿ?" ಎಂದು ಮಾಸ್ತರರು ಉಬ್ಬಿದ ಬಿಸಿ ಜೋಳದ ರೊಟ್ಟಿ ಮುರಿಯುತ್ತ ವಕೀಲನನ್ನೂ ಪುರಾಣಿಕನನ್ನೂ ಕೂಡಿಸಿ ಬೈದರು. ಹೆಂಡತಿ ಚನ್ನವ್ವ ಇನ್ನೊಂದು ರೊಟ್ಟಿ ಹಾಕಿ ಹಿತ್ತಲಿಗೆ ಹೋದಳು. ಮನೆಗೆ ಯಾರೇ ಬರಲಿ, ಮಾಸ್ತರರು ಅಡಿಗೆಮನೆಗೆ ಕರೆದೊಯ್ದು ತಾವು ಕಟ್ಟಿದ ಒಲೆ ತೋರಿಸುತ್ತಿದ್ದರು. ಅದಕ್ಕೆ ಮಾಡಿನಾಚೆ ಹೋಗುವ ಕೊಳವೆ, ಬಾಯಿಗೆ ತಗಡಿನ ಮುಚ್ಚಳ. "ಗ್ವಾಡಿ ಮುಟ್ಟಿ ನೋಡ್ರಿ. ಮಸಿ ಐತೇನು?" ಎನ್ನುತ್ತಿದ್ದರು. ನಿಜಕ್ಕೂ ಗೋಡೆ ಸುಣ್ಣ ಬಳಿದ ಹಾಗೇ ಇತ್ತು.

ಪುರಾಣಿಕ ತೀರಿಕೊಂಡ, ವಕೀಲ ಬೆಳಗಾವಿ ಸೇರಿದ. ಮಂಡಳಿಯ ಅಧ್ಯಕ್ಷ ರಾವಸಾಹೇಬ ಹತ್ತಿ ವ್ಯಾಪಾರಿ, ಜಗಳವೆಂದರೆ ಆಗದ ಮನುಷ್ಯ. ಪ್ರತಿ ವರ್ಷ ಬಂದು ತಕರಾರು ಮಾಡುವವನನ್ನೇ ಕುರ್ಚಿಯಲ್ಲಿ ಕೂಡಿಸಿದರೆ ತಕರಾರು ಮುಗಿಯುತ್ತದೆಂದು ಮಾಸ್ತರರನ್ನೇ ತೀರ್ಪುಗಾರರನ್ನಾಗಿ ಮಾಡಿದ. ತೀರ್ಪು ಕೊಡುವವರು ಸ್ಪರ್ಧೆಗೆ ಬರೆಯುವಂತಿಲ್ಲ. ಮಾಸ್ತರರು ಒಲೆಯ ಬರಹವನ್ನು ಪೆಟ್ಟಿಗೆಗೆ ಸೇರಿಸಿ, ಹಲ್ಲು ಕಡಿದು ಒಪ್ಪಿಕೊಂಡರು.

ಅವರ ತೀರ್ಪಿನ ರೀತಿಯೇ ಬೇರೆ. ಘಟಪ್ರಭಾದ ಸ್ಟೇಶನ್ನಿನ ಹತ್ತಿರ ಒಂದು ಬಯಲಿನಲ್ಲಿ ಬರೆದವರನ್ನೆಲ್ಲ ಕೂಡಿಸಿ, ಎಲ್ಲರ ಕಣ್ಣೆದುರು ಬರೆದಷ್ಟನ್ನು ಮಾತ್ರ ಮಾಡಿ ತೋರಿಸುತ್ತಿದ್ದರು. ಮಮದಾಪುರದ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ಹೊಳೆಪ್ಪ ಮೂರು ಗಡಿಗೆಗಳಲ್ಲಿ ನೀರು ಸೋಸುವುದನ್ನು ಬರೆದಿದ್ದ. ಒಂದರ ಮೇಲೊಂದು ಗಡಿಗೆ, ಒಂದರಲ್ಲಿ ಇದ್ದಿಲು, ಒಂದರಲ್ಲಿ ಉಸುಕು, ಎಲ್ಲ ಸರಿ. ತಳಕ್ಕೆ ತೂತು ಕೊರೆಯಬೇಕೆಂದು ಬರೆಯುವುದನ್ನು ಮರೆತಿದ್ದ. ಮಾಸ್ತರರು ಮೇಲಿನ ಗಡಿಗೆಗೆ ನೀರು ಸುರಿದು, ಕೆಳಗೆ ತಂಬಿಗೆ ಹಿಡಿದು ಕುಳಿತೇಬಿಟ್ಟರು. ಮಂದಿ ಬಿದ್ದು ಬಿದ್ದು ನಕ್ಕರು.

"ತೂತು ಬೇಕಂತ ಯಾರಿಗಿ ಗೊತ್ತಿಲ್ರಿ?" ಎಂದ ಹೊಳೆಪ್ಪ.

"ಗೊತ್ತಿದ್ದವ ನಿನ್ನ ಕಾಗದ ಯಾಕ ಓದತಾನ?" ಎಂದರು ಮಾಸ್ತರರು. ಆಮೇಲೆ ಎದ್ದು ನಿಂತು, "ಮೊದಲನೇ ಬಹುಮಾನಕ್ಕ ಯೋಗ್ಯ ಆದದ್ದು ಈ ವರ್ಷ ಒಂದೂ ಇಲ್ಲ" ಎಂದು ಸಾರಿದರು. ಮುಂದಿನ ವರ್ಷವೂ ಅದೇ ಮಾತು. ಮಾತು ಖರೆಯೇ ಇತ್ತು, ಆದರೆ ಅದನ್ನು ಹೇಳುವಾಗ ಅವರ ಮುಖ ಹೋಳಿಗೆ ತಿಂದಷ್ಟು ಸಂತೋಷವಾಗಿರುತ್ತಿತ್ತು.

ಅದರ ಮರುವರ್ಷ ರಾವಸಾಹೇಬ ಕೈಮುಗಿದ. "ಎರಡು ವರ್ಷ ಏನೂ ಅಚ್ಚಾಗಿಲ್ರಿ. ಮ್ಯಾಲಿನವರು ಕೇಳಾಕತ್ತಾರ. ಯಾರದೂ ನಿಮಗ ಹಿಡಸಲಿಲ್ಲಂದ್ರ ನಿಮ್ಮದ ಕೊಡ್ರಿ, ಹಾಕಿಬಿಡೂನು."

ಮಾಸ್ತರರು ಪೆಟ್ಟಿಗೆ ತೆರೆದರು. ಆ ವರ್ಷ ಬಂದ ಬರಹಗಳನ್ನು ಅವರು ಹೇಗೆ ಓದಿದರೆಂದು ಹೇಳಬೇಕಾಗಿಲ್ಲ. ಎಲ್ಲವನ್ನೂ ಕೊಡವಿ ಬಿಸಾಕಿ, ಬರೆದವರೆಲ್ಲ ಬಯಲಿನಲ್ಲಿ ಕೂಡಿದ ದಿನ ತಮ್ಮದನ್ನು ಮೇಜಿನ ಮೇಲಿಟ್ಟರು. ಆಗ ಹೊಳೆಪ್ಪ ಎದ್ದು ನಿಂತ. ಗಡಿಗೆಯ ನಗು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ನಿಮ್ಮ ಕಾಯ್ದೆ ನಿಮಗೂ ಹತ್ತಲಿ, ಮಾಸ್ತರ. ಬರದದ್ದ ಓದಿ ಒಲಿ ನಾ ಕಟ್ಟತೇನಿ. ಹೊಗಿ ಬಂದ್ರ ಅಚ್ಚು ಬ್ಯಾಡ."

"ಕಟ್ಟು," ಎಂದರು ಮಾಸ್ತರರು ಮೀಸೆಯಡಿ ನಗುತ್ತ. "ಮಣ್ಣ ಒಣಗಿದ ಮ್ಯಾಲ ನನ್ನ ಮನಿಯಾಕಿನ್ನ ಕರಕೊಂಡ ಬರತೇನಿ. ಅಕಿನ ಅಡಗಿ ಮಾಡಿ ಎಲ್ಲಾರಿಗೂ ಉಣಸತಾಳ. ಇಷ್ಟು ವರ್ಷ ಅದರ ಮ್ಯಾಲನ ಮಾಡ್ಯಾಳ."

ಹೊಳೆಪ್ಪ ಬಯಲಿನ ಚಪ್ಪರದಲ್ಲಿ ಅಕ್ಷರ ಬಿಡದೆ ಒಲೆ ಕಟ್ಟಿದ. ಉರಿ ಹಚ್ಚಿದ ದಿನ ಒಂದೆಳೆ ಹೊಗೆ ಒಳಗೆ ಬರಲಿಲ್ಲ. ಎಲ್ಲ ಕೊಳವೆಯಿಂದ ಮೇಲೆ ಹೋಯಿತು. ಬೇಳೆ ಬೆಂದಿತು, ಬದನೇಕಾಯಿ ಎಣಗಾಯಿ ಘಮಘಮಿಸಿತು. ಹೊಳೆಪ್ಪನ ಮುಖ ಬಾಡಿತು. ಮಾಸ್ತರರು ಎದೆ ಉಬ್ಬಿಸಿಕೊಂಡು ಚಪ್ಪರದ ಸುತ್ತ ತಿರುಗಾಡಿದರು.

ಚನ್ನವ್ವ ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. ಎರಡೂ ಮಗ್ಗುಲು ಬೆಂದ ಮೇಲೆ ಕೈಯಲ್ಲಿ ಹಿಡಿದು ಎದ್ದಳು. ಜೋಳದ ರೊಟ್ಟಿ ಉಬ್ಬುವುದು ಒಲೆಯ ಬಾಯಲ್ಲಿ ಕೆಂಡಕ್ಕೆ ಒಡ್ಡಿ ನಿಲ್ಲಿಸಿದಾಗ. ಈ ಒಲೆಯ ಬಾಯಿಗೆ ತಗಡು. ಕಟ್ಟಿಗೆ ತುರುಕಿದೊಡನೆ ತಗಡು ಮುಚ್ಚಬೇಕು, ತೆರೆದಿಟ್ಟರೆ ಹೊಗೆ ಹಿಂದಕ್ಕೆ ಬರುತ್ತದೆ ಎಂದು ಮಾಸ್ತರರೇ ಬರೆದಿದ್ದರು. ಅವಳು ಯಾರನ್ನೂ ಕೇಳದೆ ಬೇಲಿಯ ಹತ್ತಿರ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆ ಹಚ್ಚಿ, ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿ ನಿಲ್ಲಿಸಿದಳು. ಹೊಗೆ ದಟ್ಟವಾಗಿ ಎದ್ದು ಚಪ್ಪರದೊಳಗೆಲ್ಲ ತುಂಬಿಕೊಂಡಿತು. ಕುಳಿತವರು ಕೆಮ್ಮತೊಡಗಿದರು.

"ಅಕ್ಕಾರ, ಇದೇನ್ರಿ?" ಎಂದ ಹೊಳೆಪ್ಪ. "ಮನ್ಯಾಗೂ ಹಿಂಗ ಮಾಡತೀರೇನು?"

"ಮತ್ತ ಹೆಂಗ ಮಾಡ್ಲೆಪ್ಪಾ? ಹಿತ್ತಲದಾಗ ಕಲ್ಲ ಹೂಡೇನಿ," ಎಂದಳು ಚನ್ನವ್ವ, ರೊಟ್ಟಿ ತಿರುವುತ್ತ. "ಇವರಿಗಿ ಉಬ್ಬಿದ ರೊಟ್ಟಿನ ಬೇಕು."

ಈ ಸಲ ಯಾರೂ ಬಿದ್ದು ಬಿದ್ದು ನಗಲಿಲ್ಲ. ಸೆರಗು, ಧೋತರದ ಚುಂಗು ಬಾಯಿಗೆ ಹಿಡಿದು ನಕ್ಕರು. ಪರರ ಎಲೆಯ ನೊಣ ಹುಡುಕುತ್ತ ತಿರುಗಿದವನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು.

"ಇರಲಿ ಬಿಡ್ರಿ," ಎಂದ ರಾವಸಾಹೇಬ. "ಒಲಿಯಿಂದೇನು ಹೊಗಿ ಬಂದಿಲ್ಲ. ಅಚ್ಚ ಹಾಕಸೂನು."

ಹಾಕಿಸಬಹುದಿತ್ತು. ಹೆಸರು ಹುಕ್ಕೇರಿ, ಮೂಡಲಗಿ ಎಲ್ಲ ಕಡೆ ಹೋಗುತ್ತಿತ್ತು. ಮಾಸ್ತರರು ಮೇಜಿನ ಮೇಲಿನ ತಮ್ಮ ಬರಹ ಎತ್ತಿ ಮಡಚಿ ಕಿಸೆಗೆ ಹಾಕಿಕೊಂಡರು. "ಮೊದಲನೇ ಬಹುಮಾನಕ್ಕ ಯೋಗ್ಯ ಆದದ್ದು ಈ ವರ್ಷವೂ ಇಲ್ಲ" ಎಂದರು. ಹಿಂದೆ ಕುಳಿತವರಿಗೆ ಅದು ಕೇಳಿಸಲಿಲ್ಲ.

ಗೋಕಾಕದ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದರು. "ಇಷ್ಟು ವರ್ಷದಾಗ ಒಮ್ಮೆರ ಹೇಳಬಾರದಾಗಿತ್ತೇನು?"

"ಹೇಳಿದ್ರ ನನ್ನ ಮಾತಿನ್ಯಾಗೂ ತಪ್ಪ ತಗೀತಿದ್ರಿ. ಅದಕಿಂತ ಮೂರು ಕಲ್ಲು ಹೊರೂದ ಹಗುರಿತ್ತು" ಎಂದು ಚನ್ನವ್ವ ಕಿಟಕಿಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಮಾಸ್ತರರು ಹಿತ್ತಲಿಗೆ ಹೋದರು. ಕಲ್ಲುಗಳ ಹಿಂದಿನ ಗೋಡೆ ಆಳೆತ್ತರ ಕಪ್ಪಾಗಿತ್ತು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಕುಳಿತಿದ್ದ ಚನ್ನವ್ವ ತಲೆ ಎತ್ತಿ ನೋಡಿದಳು.

"ಬರಕೊಳ್ಳಾಕ ಬಂದೀರೇನು?"

"ಇಲ್ಲ."

"ಹಂಗಾದ್ರ ಊದ್ರಿ" ಎಂದು ಅವಳು ಊದುಗೊಳವೆಯನ್ನು ಅವರ ಕೈಗೆ ಕೊಟ್ಟಳು.