ಬೂದಿ ಹತ್ತಿದ ಹುರುಳಿ

ತುಮಕೂರಿನ ಲ್ಯಾಬಿನಲ್ಲಿ ನಾನು ಹುರುಳಿಯ ಪ್ರೋಟೀನನ್ನು ಕಿಣ್ವ ಹಾಕಿ ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುತ್ತಿದ್ದೆ. ಹಾಗಲವಾಡಿಯ ದೊಡ್ಡಮ್ಮ ಕೊಟ್ಟ ಕಾಳಿನ ತುಣುಕುಗಳಲ್ಲಿ ಆಂಟಿಆಕ್ಸಿಡೆಂಟ್ ಗುಣ ಬೇರೆ ಊರುಗಳ ಹುರುಳಿಗಿಂತ ಚೆನ್ನಾಗಿತ್ತು. ತಟ್ಟೆಯಲ್ಲಿ ಬೆಳೆಸಿದ್ದ ಕರುಳಿನ ಜೀವಕೋಶಗಳ ಪದರವನ್ನೂ ಅವು ದಾಟಿದವು, ಅಂದರೆ ತಿಂದರೆ ರಕ್ತಕ್ಕೆ ಸೇರುವ ಸಾಧ್ಯತೆಯಿತ್ತು. ಅದೇ ಕಾಳಿನಲ್ಲಿ ಇನ್ನೊಮ್ಮೆ ಮಾಡಿ ತೋರಿಸು ಎಂದರು ನನ್ನ ಪಿಎಚ್‌ಡಿ ಗೈಡ್.

ಇನ್ನೆರಡು ಸೇರು ಕೇಳಲು ಊರಿಗೆ ಹೋದೆ. ದೊಡ್ಡಮ್ಮ ಖಾಲಿ ಮಡಕೆ ತೋರಿಸಿದಳು.

“ಇದ್ದದ್ದನ್ನೆಲ್ಲಾ ನಿಂಗೇ ಕೊಟ್ನಲ್ಲವ್ವಾ. ನಮ್ಮತ್ತೆ ಕಾಲದಿಂದ ಬಿತ್ಕೊಂಡು ಬಂದಿರೋ ಕಾಳು. ಟೆಸ್ಟ್ ಮಾಡಿ ವಾಪಸ್ ಕೊಡ್ತೀಯ ಅಂದ್ಕೊಂಡಿದ್ದೆ.”

ನಮ್ಮ ಕಡೆ ಹುಳು ಹಿಡಿಯದಂತೆ ಬೂದಿ ಬೆರೆಸಿಡುವುದು ಬಿತ್ತನೆಯ ಕಾಳಿಗೆ ಮಾತ್ರ. ದೊಡ್ಡಮ್ಮನ ಮನೆಯಲ್ಲೇ ಬೆಳೆದ ನಾನು ಆ ಬೂದಿಯನ್ನು ಕೊಳೆಯೆಂದು ಮೂರು ಸಲ ತೊಳೆದು, ಕಾಳನ್ನೆಲ್ಲ ಬೀಸಿಬಿಟ್ಟಿದ್ದೆ.

ಲ್ಯಾಬಿನ ಫ್ರೀಜರಿನಲ್ಲಿ ಈಗಲೂ ಒಂದು ಹಿಡಿ ಹಿಟ್ಟಿದೆ. ಅದನ್ನು ಯಾವ ಹೊಲದಲ್ಲಿ ಬಿತ್ತಲಿ?