ಸೀಟಿನ ಅತ್ತಿಗೆ

ಕಾರು ತೊಳೆಯುವ ಆ ಶೆಡ್ಡಿನಲ್ಲಿ ಅತ್ತಿಗೆ ಎಂದರೆ ಒಬ್ಬರೇ. ಶೆಡ್ಡಿನ ಮಾಲೀಕ ಅವರ ಗಂಡನ ತಮ್ಮ. ಅವನು “ಅತ್ತಿಗೆ, ಅತ್ತಿಗೆ” ಎಂದು ಕರೆಯುವುದನ್ನು ಕೇಳಿ ಕೇಳಿ, ಪೈಪು ಹಿಡಿದು ಗಾಡಿಗಳಿಗೆ ನೀರು ಹೊಡೆಯುವ ಪೈಪಣ್ಣನೂ ಹಾಗೆಯೇ ಕರೆಯತೊಡಗಿದ. ಅವನಿಂದ ಅದು ಗಿರಾಕಿಗಳಿಗೆ ಹತ್ತಿತು. ಕೊನೆಗೆ, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಬ್ಯಾಂಕಿನ ನಿವೃತ್ತ ಮ್ಯಾನೇಜರು ಕೂಡ, “ಅತ್ತಿಗೆ ಇದ್ದಾರೇನಪ್ಪಾ? ಇದ್ದರೆ ಮಾತ್ರ ಗಾಡಿ ಬಿಟ್ಟು ಹೋಗ್ತೀನಿ” ಎನ್ನುವಂತಾಯಿತು. ಅತ್ತಿಗೆಯ ಗಂಡ ಮನೆಯಲ್ಲಿ ಕುಳಿತು ನಗುತ್ತಿದ್ದರು: “ಊರು ತುಂಬಾ ನನಗೆ ತಮ್ಮಂದಿರನ್ನ ಮಾಡಿಟ್ಟಿದ್ದೀಯಲ್ಲೇ!”

ಅತ್ತಿಗೆ ಮೊದಲು ಸೀಟಿನ ಕವರು ಹೊಲಿಯುತ್ತಿದ್ದವರು. ಹನ್ನೆರಡು ವರ್ಷದ ಹಿಂದೆ ಮೈದುನ ಶೆಡ್ಡು ಹಾಕಿದಾಗ, ಚರ್ಮದ ಸೀಟುಗಳನ್ನು ಶುಚಿ ಮಾಡುವ ಕೆಲಸಕ್ಕೆ ಬಂದರು. ಹೊಲಿಗೆ ಬಲ್ಲವರಾದ್ದರಿಂದ ಹೊಲಿಗೆಯ ಸಂದಿಯಲ್ಲಿ ಏನೇನು ಅಡಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಿಸ್ಕತ್ತಿನ ಪುಡಿ, ಮರಳು, ಪೆನ್ನಿನ ಮುಚ್ಚಳ, ಒಮ್ಮೆ ಒಂದು ಹಾಲುಹಲ್ಲು. ಸಣ್ಣ ಮೂತಿಯ ಯಂತ್ರದಿಂದ ಮೊದಲು ಅದನ್ನೆಲ್ಲ ಎಳೆದು ತೆಗೆಯುತ್ತಿದ್ದರು. ಬಳಿಕ ನೊರೆ. ನೊರೆಯನ್ನು ಬ್ರಷ್ಷಿಗೆ ಹಾಕಬೇಕು, ನೇರವಾಗಿ ಸೀಟಿಗೆ ಸುರಿಯಬಾರದು. ಅಂಗೈಯಗಲ ಉಜ್ಜಬೇಕು, ಅದು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಬೇಕು, ಆಮೇಲೆ ಪಕ್ಕದ ಅಂಗೈಯಗಲಕ್ಕೆ ಹೋಗಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ. ಸೀಟು ನೆರಳಿನಲ್ಲಿ ಆರಿದ ಮೇಲೆ ಚರ್ಮವನ್ನು ಮೆದುವಾಗಿಡುವ ಕ್ರೀಮು.

ಈ ಕ್ರೀಮು ಹಚ್ಚುವುದರಲ್ಲೇ ಅತ್ತಿಗೆಯ ಹೆಚ್ಚುಗಾರಿಕೆ. ಎಲ್ಲರೂ ಸ್ಪಂಜಿನಲ್ಲಿ ಹಚ್ಚಿದರೆ ಅವರು ಬರಿಗೈಯಲ್ಲಿ ಹಚ್ಚುತ್ತಿದ್ದರು. ತೆಳ್ಳಗೆ ಒಂದು ಸಲ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೂರು ಬೆರಳಿನ ತುದಿಯನ್ನು ಸೀಟಿನ ಮೇಲೆ ಮೆಲ್ಲಗೆ ಎಳೆದು ನೋಡುವರು. ಬೆರಳು ತಡೆತಡೆದು ಹೋದರೆ, “ಇನ್ನೂ ಬಾಯಾರಿದೆ” ಎಂದು ಮತ್ತೊಂದು ಸಲ ಹಚ್ಚುವರು. ನುಣ್ಣಗೆ ಜಾರಿದರೆ, “ಹೊಟ್ಟೆ ತುಂಬಿತು” ಎಂದು ಡಬ್ಬಿ ಮುಚ್ಚುವರು. ಯಾವ ಗಾಡಿಗೆ ಎಷ್ಟು ಎಂಬ ಲೆಕ್ಕವೆಲ್ಲ ಆ ಮೂರು ಬೆರಳುಗಳಲ್ಲಿತ್ತು.

ಆ ಬೆರಳುಗಳು ಕೆಲವು ತಿಂಗಳಿಂದ ಮಂಕಾಗಿದ್ದವು.

ಮೊದಲು ಅದು ತಿಳಿದದ್ದು ಮನೆಯಲ್ಲಿ. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳವನ್ನು ಅತ್ತಿಗೆ ಬರಿಗೈಯಲ್ಲಿ ಎತ್ತಿ, ಪಕ್ಕದಲ್ಲಿಟ್ಟು, ಸೌಟು ಹುಡುಕುತ್ತಿದ್ದರು. ಸೊಸೆ ಕಿರುಚಿಕೊಂಡಳು: “ಅತ್ತೇ, ಕೈ! ಕೆಂಡದ ಹಾಗೆ ಸುಡ್ತಿದೆ ಅದು!” ಅತ್ತಿಗೆ ನೋಡಿಕೊಂಡರೆ ಬೆರಳತುದಿ ಕೆಂಪಗಾಗಿತ್ತು; ನೋವು ಮಾತ್ರ ಎಲ್ಲೋ ದೂರದಲ್ಲಿತ್ತು. “ಕೆಲಸ ಮಾಡಿದ ಕೈ ಕಣೇ ಇದು, ನಿಮ್ಮ ಹಾಗೆ ಹೂವಿನ ಕೈಯಲ್ಲ” ಎಂದು ಮಾತು ತೇಲಿಸಿದರು. ಆಮೇಲೆ ಸೂಜಿ ಹಿಡಿದರೂ ಹಿಡಿದದ್ದು ತಿಳಿಯದಾಯಿತು. ಅದನ್ನು ಅವರು ಯಾರ ಬಳಿಯೂ ಬಾಯಿಬಿಡಲಿಲ್ಲ; ಗೊತ್ತಿದ್ದ ಗಾಡಿಗಳಿಗೆ ಹಳೆಯ ಲೆಕ್ಕದಲ್ಲೇ ಹಚ್ಚಿ ನಿಭಾಯಿಸುತ್ತಿದ್ದರು.

ಮೈದುನ ಕೆಟ್ಟವನಾಗಿದ್ದರೆ ಅವರು ಇಷ್ಟು ಹೆದರುತ್ತಿರಲಿಲ್ಲ. ಅವನು ಬಹಳ ಒಳ್ಳೆಯವನು. ತಿಳಿದ ಕ್ಷಣದಲ್ಲೇ, “ಅತ್ತಿಗೆ, ಇಷ್ಟು ದಿನ ದುಡಿದದ್ದು ಸಾಕು, ಮೇಜಿನ ಹತ್ತಿರ ಕೂತ್ಕೊಂಡು ಬಂದವರಿಗೆ ಚೀಟಿ ಬರೆದುಕೊಡಿ” ಎನ್ನುತ್ತಾನೆ. ಅಕ್ಕರೆಯಿಂದಲೇ ಎನ್ನುತ್ತಾನೆ. ಅಕ್ಕರೆಗೆ ಇಲ್ಲ ಎನ್ನುವುದು ಹೇಗೆ? ಬರುವ ಗಾಡಿಗಳನ್ನು ದೂರದಿಂದ ನೋಡುತ್ತಾ ಚೀಟಿ ಹರಿದು ಕೊಡುವ ಬಾಳನ್ನು ನೆನೆದಾಗಲೆಲ್ಲ ಅತ್ತಿಗೆ ಕ್ರೀಮಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಡ್ರೈವಿಂಗ್ ಮೇಷ್ಟ್ರು ಬಂದರು. ಯಾರೋ ಸಿರಿವಂತರು ಬಳಸಿ ಮಾರಿದ ದೊಡ್ಡ ಕಾರನ್ನು ಕೊಂಡು, ಅದರಲ್ಲೇ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ತಿಳಿಕಂದು ಬಣ್ಣದ ಚರ್ಮದ ಸೀಟುಗಳು. ಹಿಂದಿನವು ಚೆನ್ನಾಗಿಯೇ ಇದ್ದವು. ಚಾಲಕನ ಸೀಟಿನ ಎರಡು ಅಂಚೂ ಮಸಿ ಬಳಿದ ಹಾಗಿದ್ದವು.

“ಇದೇನು ಮೇಷ್ಟ್ರೇ, ಅಂಚು ಇಷ್ಟು ಕಪ್ಪು?” ಎಂದರು ಅತ್ತಿಗೆ.

“ಕಲಿಯೋಕೆ ಬರೋರು ಎದುರಿಗೆ ಲಾರಿ ಕಂಡರೆ ಬ್ರೇಕ್ ಹಾಕಲ್ಲ ಅತ್ತಿಗೆ, ಸೀಟು ಹಿಡ್ಕೋತಾರೆ. ಎಂಟು ವರ್ಷದ ಹೆದರಿಕೆ ಬೆವರು ಅದು!”

“ಅವರದ್ದೋ, ಪಕ್ಕದಲ್ಲಿ ಕೂತ ನಿಮ್ಮದೋ?” ಎಂದ ಪೈಪಣ್ಣ.

“ನಂದು ಪಕ್ಕದ ಸೀಟಲ್ಲಿದೆ, ನೋಡ್ಕೋ ಹೋಗು” ಎಂದು ಮೇಷ್ಟ್ರು ನಕ್ಕು, ಬೆಳಗ್ಗೆ ಎಂಟಕ್ಕೆ ಪಾಠವಿದೆ ಎಂದು ನೆನಪಿಸಿ ಹೊರಟರು.

ಅತ್ತಿಗೆ ಎಂಟು ವರ್ಷದ ಹೆದರಿಕೆಯನ್ನು ಅಂಗೈಯಗಲ ಅಂಗೈಯಗಲವಾಗಿ ಉಜ್ಜಿ ತೆಗೆದರು. ಒರೆಸಿದ ಬಟ್ಟೆಗಳು ಕಾಫಿ ಬಣ್ಣಕ್ಕೆ ತಿರುಗಿದವು. ಸೀಟು ಆರಿದ ಮೇಲೆ ಕ್ರೀಮು ಹಚ್ಚಿ, ಬೆರಳು ಎಳೆದು ನೋಡಿದರು. ನುಣುಪು ತಿಳಿಯಲಿಲ್ಲ. ‘ಪಾಪ, ಬಹಳ ಒಣಗಿದೆ’ ಎಂದು ಇನ್ನೊಂದು ಸಲ ಹಚ್ಚಿದರು. ಆಗಲೂ ತಿಳಿಯಲಿಲ್ಲ. ಮೂರನೆಯ ಸಲ ಹಚ್ಚಿದರು. ನಾಲ್ಕನೆಯ ಸಲ ಡಬ್ಬಿ ತೆರೆದಾಗ, ಚಕ್ರ ಒರೆಸುತ್ತಿದ್ದ ಪೈಪಣ್ಣ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಚರ್ಮ ಬಾಯಾರಿಲ್ಲ, ಅದರ ಮಾತು ತನ್ನ ಬೆರಳಿಗೆ ಕೇಳುತ್ತಿಲ್ಲ ಅಷ್ಟೆ ಎಂದು ಒಪ್ಪಿಕೊಳ್ಳಲು ಅತ್ತಿಗೆಯ ಮನಸ್ಸು ಆಗ ಸಿದ್ಧವಿರಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರು ಬಿಳಿ ಅಂಗಿ ತೊಟ್ಟು ಬಂದು, ಬಾಗಿಲು ತೆಗೆದು, ಠೀವಿಯಿಂದ ಕುಳಿತರು. ಏಳಲು ಹೋದಾಗ ಅಂಗಿಯ ಬೆನ್ನು ಸೀಟಿನ ಒರಗುವ ಭಾಗಕ್ಕೆ ಅಂಟಿಕೊಂಡು ಪರ್ರೆಂದು ಬಿಟ್ಟಿತು. ತಿರುಗಿ ನಿಂತರೆ ಬೆನ್ನ ತುಂಬ ಕಂದು ಜಿಡ್ಡು. ಸೀಟಿನ ಬಣ್ಣವೂ ಮಬ್ಬಾಗಿ ಒದ್ದೆಯಂತೆ ಕಾಣುತ್ತಿತ್ತು.

“ಇದೇನ್ರೀ ಇದು, ಸೀಟೋ ಹಲಸಿನ ಅಂಟೋ?” ಎಂದು ಮೇಷ್ಟ್ರು ಕೂಗಿದರು.

ಮೈದುನ ಓಡಿ ಬಂದ. ಸೀಟು ಮುಟ್ಟಿ ನೋಡಿದವನೇ ನೇರವಾಗಿ ಪೈಪಣ್ಣನ ಮೇಲೆ ಹಾರಿದ. ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೈಪಣ್ಣ, ಮಿಂಚಲಿ ಎಂದು ಟೈರಿನ ಪಾಲಿಶನ್ನು ಸೀಟಿಗೆ ಬಳಿದಿದ್ದ.

“ಮತ್ತೆ ಅದೇ ಕೆಲಸ ಮಾಡಿದ್ಯಾ? ಅತ್ತಿಗೆ ಮಾಡಿಟ್ಟ ಸೀಟು ಮುಟ್ಟಬೇಡ ಅಂತ ನಿನಗೆ ಎಷ್ಟು ಸಲ ಹೇಳೋದು? ಇವತ್ತಿಂದ ನೀನು ಬರೋದೇ ಬೇಡ ಹೋಗು!”

ಪೈಪಣ್ಣ ಒಮ್ಮೆ ಅತ್ತಿಗೆಯ ಕಡೆ ನೋಡಿದ. ಮೂರು ಮಕ್ಕಳ ತಂದೆ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರುವಷ್ಟು ಅನುಕೂಲವಂತನೇನಲ್ಲ. ಆದರೂ ಪೈಪನ್ನು ಸುರುಳಿ ಸುತ್ತಿ, ಕೊಕ್ಕೆಗೆ ತೂಗುಹಾಕಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಡಲು ಅಣಿಯಾದ.

“ನಿಲ್ಲು” ಎಂದರು ಅತ್ತಿಗೆ. “ಅವನಲ್ಲ ಕಣಪ್ಪಾ, ನಾನು. ನಾಲ್ಕು ಸಲ ಹಚ್ಚಿದ್ದು ನಾನೇ. ಬೆರಳಿಗೆ ಏನೂ ತಿಳೀತಾ ಇಲ್ಲ. ಈಗಿಂದಲ್ಲ, ನಾಲ್ಕೈದು ತಿಂಗಳಾಯ್ತು.”

ಮೈದುನ ಅವರ ಕೈಯನ್ನು ಎತ್ತಿ, ಮಗುವಿನ ಕೈ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಸಿಟ್ಟು ಜರ್ರನೆ ಇಳಿಯಿತು.

“ಮನೇಲಿ ಅಣ್ಣನಿಗೂ ಹೇಳಿಲ್ವಾ? ಎಂಥ ಕೆಲಸ ಮಾಡಿದ್ರಿ ಅತ್ತಿಗೆ! ಸಾಕು, ಇನ್ಮೇಲೆ ನೀವು ಆ ಮೇಜಿನ ಹತ್ತಿರ...”

ಅವನ ಮಾತು ಮುಗಿಯುವ ಮೊದಲೇ ಮೇಷ್ಟ್ರು ನಡುವೆ ಬಂದರು. “ಅದೆಲ್ಲಾ ಆಮೇಲೆ ಮಾತಾಡಿಕೊಳ್ಳಿ. ಈ ಸೀಟು ಸರಿಮಾಡೋರು ಯಾರು, ಅದು ಹೇಳಿ ಮೊದಲು.”

“ಮಧ್ಯಾಹ್ನದ ತನಕ ಬಿಡಿ. ಕೆಡಿಸಿದವಳು ನಾನು, ನಾನೇ ಸರಿಮಾಡ್ತೀನಿ” ಎಂದರು ಅತ್ತಿಗೆ. ಮೇಷ್ಟ್ರು ಪಾಠವನ್ನು ಸಂಜೆಗೆ ಹಾಕಿ, ಅಂಗಿ ಬದಲಿಸಲು ಹೋದರು.

ಅತ್ತಿಗೆ ತಲೆಕೂದಲು ಒಣಗಿಸುವ ಯಂತ್ರದಿಂದ ಸೀಟಿಗೆ ಬೆಚ್ಚಗಿನ ಗಾಳಿ ಬಿಟ್ಟರು. ಬೆಚ್ಚಗಾದಂತೆ ಹೆಚ್ಚಿನ ಕ್ರೀಮು ಮೇಲಕ್ಕೆ ಬೆವರಿತು. ಅದನ್ನು ಒಣಬಟ್ಟೆಯಿಂದ ಒತ್ತಿ ಒತ್ತಿ ತೆಗೆದರು. ಬಟ್ಟೆ ತಂದುಕೊಡುವ ಕೆಲಸವನ್ನು ಪೈಪಣ್ಣ, ಯಾರೂ ಹೇಳದೆಯೇ, ತನ್ನದಾಗಿಸಿಕೊಂಡ. ಕಣ್ಣಿಗೆ ಸರಿಯಾಗಿದೆ ಎನಿಸಿದರೂ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಒರಗಿನ ಆಚೆಯ ಅಂಚನ್ನು ಒರೆಸಲು ಅವರು ಪೂರ್ತಿ ಒಳಗೆ ಬಾಗಿದರು. ಕೆನ್ನೆ ಒರಗಿಗೆ ತಾಗಿತು. ಅಲ್ಲಿನ ಚರ್ಮ ಜಿಗುಟಾಗಿ ಕೆನ್ನೆಯನ್ನು ಹಿಡಿದು ಬಿಟ್ಟಿತು.

ಅತ್ತಿಗೆ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಮತ್ತೆ ಕೆನ್ನೆ ಒತ್ತಿದರು. ಅರ್ಧ ಅಡಿ ಕೆಳಗೆ ಒತ್ತಿದರು. ಅಲ್ಲಿ ಹಿಡಿಯಲಿಲ್ಲ, ಒಣ ಕಾಗದಕ್ಕೆ ತಾಗಿದಂತಿತ್ತು. ತಿಂಗಳುಗಳ ಮೇಲೆ ಚರ್ಮ ಅವರೊಡನೆ ಮಾತನಾಡಿತ್ತು.

“ಏನ್ ಅತ್ತಿಗೆ, ಸೀಟಿಗೆ ಮುತ್ತು ಕೊಡ್ತಾ ಇದ್ದೀರಾ? ಅಣ್ಣನಿಗೆ ಹೇಳ್ತೀನಿ!” ಎಂದ ಪೈಪಣ್ಣ.

“ಹೇಳಪ್ಪಾ. ಮೂವತ್ತು ವರ್ಷದಲ್ಲಿ ಒಂದು ಸಲವಾದ್ರೂ ಹೊಟ್ಟೆಕಿಚ್ಚು ಪಡಲಿ. ಬಟ್ಟೆ ಕೊಡು ಇಲ್ಲಿ.”

ಕೆನ್ನೆ ಇಟ್ಟು ನೋಡುವುದು, ಜಿಡ್ಡಿದ್ದಲ್ಲಿ ಗಾಳಿ ಬಿಟ್ಟು ಒರೆಸುವುದು, ಮತ್ತೆ ಕೆನ್ನೆ. ಸೊಂಟ ನೊಂದರೂ ಬಿಡಲಿಲ್ಲ. ಮೈದುನ ಮೇಜಿನ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಹನ್ನೆರಡರ ಹೊತ್ತಿಗೆ ಬಂದು, ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿ, ತಾನೂ ಕಾರಿನೊಳಗೆ ಬಾಗಿ ಕೆನ್ನೆಯನ್ನು ಒರಗಿಗೆ ಒತ್ತಿದ.

“ಇಲ್ಲಿನ್ನೂ ಜಿಡ್ಡಿದೆ” ಎಂದ.

ಅತ್ತಿಗೆ ಅದೇ ಜಾಗಕ್ಕೆ ಬಟ್ಟೆ ಎಳೆದು, ಕೆನ್ನೆ ಇಟ್ಟು ನೋಡಿದರು. “ಸೀಟಿನದ್ದಲ್ಲ ಕಣೋ, ನಿನ್ನ ಮುಖದ್ದು. ಬೆಳಗ್ಗೆ ಸೋಪು ಹಾಕಿ ತೊಳೆದ್ಯೋ ಇಲ್ವೋ?”

ಪೈಪಣ್ಣ ನಗು ತಡೆಯಲಾರದೆ ಕಾರಿನ ಹಿಂದೆ ಹೋದ. ಮೈದುನ ಕೆನ್ನೆ ಸವರಿಕೊಂಡು ಬೆರಳು ನೋಡಿದ, ಹೊಳೆಯುತ್ತಿತ್ತು; ಅತ್ತಿಗೆಯ ಕೆನ್ನೆ ತಪ್ಪಿರಲಿಲ್ಲ. ಅವನ ಮುಖ ಮೆಲ್ಲಗೆ ಅರಳಿತು.

“ನಾಳೆ ಬೆಳಗ್ಗೆ ನಾನೇ ನಿಮ್ಮನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಅದಕ್ಕೆ ಇಲ್ಲ ಅನ್ನೋ ಹಾಗಿಲ್ಲ” ಎಂದ.

“ಆಯ್ತು. ಆಮೇಲೆ?”

“ಆಮೇಲೆ ಏನು? ಹತ್ತು ಗಂಟೆಗೆ ಮ್ಯಾನೇಜರ ಗಾಡಿ ಬರುತ್ತೆ. ಅವರು ನೀವಿದ್ರೆ ಮಾತ್ರ ಬಿಟ್ಟು ಹೋಗೋದು” ಎಂದು ಹೇಳಿ, ಅವನು ಪೈಪಣ್ಣನ ಬಳಿಗೆ ಹೋದ. ಬೆಳಗ್ಗೆ ಅವನು ತೂಗುಹಾಕಿದ್ದ ಪೈಪನ್ನು ಕೊಕ್ಕೆಯಿಂದ ತಾನೇ ಇಳಿಸಿ ಅವನ ಕೈಗೆ ಕೊಟ್ಟ.