ಮಾರದೆ ಉಳಿದ ಮೆಷಿನ್

ಗಂಗಾನಗರದ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಿನ್ನೂ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮದುವೆಯ ಸಾಮಾನಿನ ಜೊತೆ ದೊಡ್ಡಮ್ಮನ ಹೊಲಿಗೆ ಮೆಷಿನ್ನೂ ಲಾರಿಯಿಂದ ಇಳಿಯಿತು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಒಂದು ಕೋಣೆಯಲ್ಲಿದ್ದುಕೊಂಡು, ಊರ ಹೆಂಗಸರ ಬಟ್ಟೆ ಹೊಲಿದೇ ಬದುಕಿದವರು. ಆ ಮೆಷಿನ್ ಅವರ ಕೈಗೆ ಬರುವಾಗಲೇ ಹಳೆಯದು. ಯಾರೋ ದೊರೆಸಾನಿ ದೇಶ ಬಿಟ್ಟು ಹೋಗುವಾಗ ಮಾರಿದ್ದಂತೆ. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ, ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡು. ಕಣ್ಣು ಮಂಜಾದಾಗ ಅದನ್ನು ನನಗೆ ಕೊಟ್ಟರು. "ಇದೊಂದು ಜೊತೇಲಿದ್ರೆ ಯಾರ ಮುಂದೇನೂ ಕೈ ಚಾಚ್ಬೇಕಾಗಿಲ್ಲ ಕಣೇ," ಎಂದಿದ್ದರು.

ಮೊದಮೊದಲು ನನಗೂ ಹೆಮ್ಮೆಯೇ. ಅತ್ತೆ ಬಂದವರಿಗೆಲ್ಲ, "ನಮ್ಮ ಸೊಸೆ ಹೊಲಿದ್ರೆ ಒಂದು ಸುಕ್ಕು ಬೀಳಲ್ಲ ಕಣ್ರೀ. ನಂಗೋ, ಒಂದು ಗುಂಡಿ ಹಾಕೋಕೂ ಬರಲ್ಲ," ಎಂದು ಹೇಳಿಕೊಳ್ಳುತ್ತಿದ್ದರು. ಎದುರು ಮನೆಯವರ ಬ್ಲೌಸಿನಿಂದ ಶುರುವಾದದ್ದು ಬೀದಿಯ ಕೊನೆಯವರೆಗೆ ಹೋಯಿತು. ನನ್ನನ್ನು ಕೇಳದೆಯೇ ಅತ್ತೆ ಒಪ್ಪಿಕೊಳ್ಳುತ್ತಿದ್ದರು. ಅಕ್ಕಪಕ್ಕದವರ ಹತ್ತಿರ ಕೂಲಿ ತೆಗೆದುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಅದನ್ನೂ ಅವರೇ ತೀರ್ಮಾನಿಸಿದ್ದರು. ಗೌರಿ ಹಬ್ಬ ಬಂತೆಂದರೆ ಮಂಚದ ಮೇಲೆ ಬ್ಲೌಸ್ ಪೀಸುಗಳ ರಾಶಿ, ಒಂದೊಂದರ ಜೊತೆಗೂ ಪಿನ್ನು ಚುಚ್ಚಿದ ಅಳತೆ ಬ್ಲೌಸು.

ಮೆಷಿನ್ ಇದ್ದದ್ದು ಹಿಂದಿನ ಕೋಣೆಯ ಕಿಟಕಿಯ ಪಕ್ಕ. ನಾನು ಬಂದಾಗ ಆ ಕಿಟಕಿಯಿಂದ ಒಂದು ಹುಣಸೆಮರ, ಅದರಾಚೆ ಹೆಬ್ಬಾಳದ ಕಡೆ ಹೋಗುವ ರಸ್ತೆ ಕಾಣುತ್ತಿದ್ದವು. ಆಮೇಲೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಶುರು ಮಾಡಿದರು. ನಾನು ತುಳಿಯುತ್ತ ಕೂತಿದ್ದ ಹಾಗೆಯೇ ಗೋಡೆ ಎದ್ದಿತು. ಮೊದಲು ರಸ್ತೆ ಹೋಯಿತು, ಆಮೇಲೆ ಮರದ ಬುಡ, ಕೊನೆಗೆ ತುದಿ. ಮಧ್ಯಾಹ್ನವೂ ದೀಪ ಹಾಕಿಕೊಂಡೇ ಹೊಲಿಯಬೇಕಾಯಿತು.

ನಾನು ಟೀಚರ್ ಟ್ರೈನಿಂಗ್ ಮಾಡಿದ್ದೆ. ಹೆಬ್ಬಾಳದ ಹತ್ತಿರ ಆಗಷ್ಟೇ ಶುರುವಾಗಿದ್ದ ಸಣ್ಣ ಶಾಲೆಯೊಂದರಲ್ಲಿ ಕೆಲಸವಿದೆ ಎಂದು ಗೊತ್ತಾದಾಗ ಯಜಮಾನರಿಗೆ ಹೇಳಿದೆ. ಅವರು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ದನಿ ಎತ್ತಿ ಮಾತಾಡಿದವರಲ್ಲ.

"ಮನೇಲೇ ಕೈ ತುಂಬ ಕೆಲಸ ಇದೆಯಲ್ಲ. ಬೀದಿಯವರ ಬಟ್ಟೆಗಳನ್ನೆಲ್ಲ ಏನ್ ಮಾಡ್ತೀಯ?" ಎಂದರು.

ಅದನ್ನು ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನಿಜವಾಗಿಯೂ ಯೋಚನೆ ಮಾಡಿ ಕೇಳಿದರು.

ಮೆಷಿನ್ ಮಾರಿಬಿಡಬೇಕು ಎಂದು ಆಗ ಅನ್ನಿಸಿತು. ಹಾಗೆ ಅಂದುಕೊಂಡ ಕೂಡಲೇ ದೊಡ್ಡಮ್ಮನ ಮುಖ ಕಣ್ಣ ಮುಂದೆ ಬರುತ್ತಿತ್ತು. ಒಂದು ತಿಂಗಳು ಹೀಗೇ ಕಳೆಯಿತು. ಕಡೆಗೊಂದು ದಿನ, "ತುಂಬಾ ಹಳೇದಾಯ್ತು ರೀ, ದಾರ ಕಡೀತಾನೇ ಇರುತ್ತೆ, ಕೊಟ್ಬಿಡೋಣ," ಎಂದು ಸುಳ್ಳು ಹೇಳಿದೆ. "ನಿನ್ನ ಮೆಷಿನ್ನು, ನಿನ್ನಿಷ್ಟ," ಎಂದರು.

ಆರ್.ಟಿ. ನಗರದ ಟೈಲರ್ ಒಬ್ಬರು ಒಂದು ಮಧ್ಯಾಹ್ನ ಮೆಷಿನ್ ನೋಡಲು ಬಂದರು. ಅತ್ತೆ ಅದೇ ಕೋಣೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹೊಲಿದು ನೋಡಲು ಬಟ್ಟೆ ಚೂರು ಬೇಕೆಂದು ಟೈಲರ್ ಕೇಳಿದ್ದರಿಂದ ನಾನು ಒಳಗೆ ಹೋದೆ.

ಆ ಮೆಷಿನ್ನಿನ ಕೆಳಗಿನ ದಾರ ಇರುವುದು ದೋಣಿಯಂಥ ಉದ್ದನೆಯ ಷಟಲ್ಲಿನೊಳಗೆ. ಈಗಿನ ಮೆಷಿನ್ನುಗಳಲ್ಲಿ ಅದು ದುಂಡಗಿರುತ್ತದೆ. ಟೈಲರ್‌ಗೆ ಅದರ ಅಭ್ಯಾಸವಿರಲಿಲ್ಲ. ಬಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಅತ್ತೆ ಅವರೆಕಾಯಿ ಬಿಟ್ಟು ಎದ್ದಿದ್ದರು.

"ಹಾಗಲ್ಲಪ್ಪಾ, ಕೊಡಿಲ್ಲಿ," ಎಂದು ಷಟಲ್ ತೆಗೆದುಕೊಂಡು, ದಾರವನ್ನು ಅದರ ಸೀಳಿನಲ್ಲಿ ಎಳೆದು, ನೋಡದೆಯೇ ಜಾಗಕ್ಕೆ ಕೂರಿಸಿದರು. ಸೀರೆಯ ಸೆರಗಿನ ತುದಿಯನ್ನೇ ಸೂಜಿಯ ಕೆಳಗಿಟ್ಟು ನಾಲ್ಕು ಸಲ ತುಳಿದರು. ಗೆರೆ ಎಳೆದಂಥ ಹೊಲಿಗೆ.

"ಅಮ್ಮಾವ್ರ ಕೈ ತುಂಬಾ ಪಳಗಿದೆ," ಎಂದರು ಟೈಲರ್.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಕೈ ಹಿಂದಕ್ಕೆ ಎಳೆದುಕೊಂಡು ಮತ್ತೆ ಅವರೆಕಾಯಿಯ ಮುಂದೆ ಕೂತರು.

ಭಾನುವಾರ ಗಾಡಿ ತರುತ್ತೇನೆಂದು ಹೇಳಿ ಟೈಲರ್ ಹೋದ ಮೇಲೆ ನಾನು ಅತ್ತೆಯ ಎದುರಿಗೇ ಕೂತೆ.

"ನಿಮಗೆ ಹೊಲಿಯೋಕೆ ಬರುತ್ತೆ."

"ಬರುತ್ತೆ," ಎಂದರು. "ದೊಡ್ಡಬಳ್ಳಾಪುರದ ಮನೇಲಿ ಹದಿನಾಲ್ಕು ಜನ ಇದ್ವಿ. ಅಷ್ಟೂ ಜನರ ಬಟ್ಟೆ ನಂದೇ. ಬಾಣಂತನ ಮುಗಿಸಿ ಬಂದ ವಾರಕ್ಕೇ ಕೂರಿಸಿದ್ರು. ತಡೀಲಾರದೆ ಒಂದಿನ ಮೆಷಿನ್ ಮಾರಿಸ್ದೆ. ದೀಪಾವಳಿಗೆ ನಿಮ್ಮ ಮಾವ ಹೊಸದು ತಂದು, ಹೂ ಹಾಕಿ, ನಡುಮನೇಲಿ ಇಟ್ರು. ನಾನು ಅತ್ತಿದ್ದು ಸಂತೋಷಕ್ಕೆ ಅಂದ್ಕೊಂಡ್ರು, ಪಾಪ. ಈ ಊರಿಗೆ ಬರುವಾಗ ನಿನ್ನ ಗಂಡನಿಗೆ ಮೂರು ವರ್ಷ. ಆ ಮೆಷಿನ್ ಅಲ್ಲೇ ಬಿಟ್ಟೆ. ನಂಗೆ ಬರುತ್ತೆ ಅಂತ ಇಲ್ಲಿ ಯಾರ ಹತ್ರಾನೂ ಬಾಯಿ ಬಿಡಲಿಲ್ಲ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಇಲ್ಲಿ ಕೂರಿಸಿದ್ರಾ ಅತ್ತೆ?"

ಅವರು ಸಿಪ್ಪೆಗಳನ್ನು ಒಟ್ಟುಮಾಡುತ್ತಿದ್ದರು. "ಜನ ಹೊಗಳ್ತಿದ್ರು. ನಂಗೆ ಚೆನ್ನಾಗನ್ನಿಸ್ತು," ಎಂದರು. ಮೊರ ಪಕ್ಕಕ್ಕೆ ಸರಿಸಿದರು. "ಮಾರು, ನಾನು ಬೇಡ ಅನ್ನಲ್ಲ. ಆದ್ರೆ ನನ್ನ ಮಗ ಅವರಪ್ಪನ ಹಾಗೇ. ನೀನು ಸಪ್ಪಗಿರೋದು ನೋಡಿ ಹೊಸದು ತಂದೇ ತರ್ತಾನೆ."

ಮೂರು ದಿನ ಆ ಮಾತು ತಲೆಯಲ್ಲಿ ಕೊರೆಯಿತು. ಮಾರಿದರೆ ಹೊಸದು, ಉಳಿಸಿಕೊಂಡರೆ ಇದೇ. ಎತ್ತ ತಿರುಗಿದರೂ ಆ ಸ್ಟೂಲಿನ ಮೇಲೇ ಬಂದು ಕೂರುತ್ತಿದ್ದೆ. ಶನಿವಾರ, ಅಡುಗೆ ಮುಗಿದ ಮೇಲೆ, ಷಟಲ್ ಹೊರತೆಗೆದು ಬಟ್ಟೆಯಲ್ಲಿ ಸುತ್ತಿದೆ. ತಿರುಗಿದರೆ ಅತ್ತೆ ಬಾಗಿಲಲ್ಲಿ.

"ನಿನ್ನ ಟ್ರಂಕಲ್ಲಿ ಬೇಡ, ಅವನು ಹುಡುಕ್ತಾನೆ. ಕೊಡಿಲ್ಲಿ," ಎಂದು ಕೈ ಚಾಚಿದರು.

ಭಾನುವಾರ ಮನೆಯೆಲ್ಲ ಹುಡುಕಿದೆವು. ಯಜಮಾನರು ಮಂಚದ ಕೆಳಗೆ ನುಗ್ಗಿ ಪರಕೆ ಆಡಿಸಿದರು. ಅತ್ತೆಯೂ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದರು. "ಅದಿಲ್ದೆ ಇದು ಬರೀ ಕಬ್ಬಿಣ ಅಮ್ಮ. ಈಗ ಎಲ್ಲೂ ಸಿಗಲ್ಲ," ಎಂದು ಟೈಲರ್ ಖಾಲಿ ಗಾಡಿ ತಳ್ಳಿಕೊಂಡು ಹೊರಟುಹೋದರು.

ಯಜಮಾನರು ಬೆವರು ಒರೆಸಿಕೊಂಡು, "ಹೋಗ್ಲಿ ಬಿಡು, ಹೊಸದೇ ತಂದ್ರಾಯ್ತು," ಎಂದರು.

ಅತ್ತೆ ಕೂಡಲೇ, "ಅವಳ ದೊಡ್ಡಮ್ಮ ಆಸೆಪಟ್ಟು ಕೊಟ್ಟಿರೋದು ಎದುರಿಗಿರುವಾಗ ಇನ್ನೊಂದು ತಂದಿಟ್ರೆ ಆ ಜೀವಕ್ಕೆ ಎಷ್ಟು ಬೇಜಾರಾಗ್ಬೇಡ? ಇದು ಇರೋವರೆಗೂ ಬೇಡ," ಎಂದುಬಿಟ್ಟರು. ಯಜಮಾನರು ತಲೆಯಾಡಿಸಿ ಪರಕೆಯನ್ನು ಮೂಲೆಗಿಟ್ಟರು. ಹೊಲಿಯದ ಮೆಷಿನ್ ಹೀಗೆ ನಮ್ಮ ಮನೆಯಲ್ಲೇ ಉಳಿಯಿತು.

ಬೀದಿಯ ಹೆಂಗಸರು ಒಂದಷ್ಟು ದಿನ ಬಂದು ವಿಚಾರಿಸಿ, ಆಮೇಲೆ ಬೇರೆ ಕಡೆ ಹೊಲಿಸಿಕೊಂಡರು. ಮರುವರ್ಷ ಜೂನ್‌ನಲ್ಲಿ ನಾನು ಆ ಶಾಲೆಗೆ ಸೇರಿದೆ.

ಆದರೆ ದೊಡ್ಡಮ್ಮ ಒಮ್ಮೆ ಬಂದು ಎರಡು ದಿನ ಇದ್ದಾಗ ಏನು ಮಾಡಬೇಕೋ ತಿಳಿಯಲಿಲ್ಲ. ಮೆಷಿನ್ನನ್ನು ಕೈಯಿಂದ ಮುಟ್ಟಿಮುಟ್ಟಿ ನೋಡಿ, "ಷಟಲ್ ಎಲ್ಲಿ?" ಎಂದರು. ಕಳೆದುಹೋಯಿತು ಎಂದೆ. "ನಲವತ್ತು ವರ್ಷ ನನ್ನ ಹತ್ರ ಕಳೀಲಿಲ್ಲ," ಎಂದರು, ಅಷ್ಟೆ. ಊಟಕ್ಕೆ ಕೂತಾಗಲೂ ನನ್ನ ಕಡೆ ತಿರುಗಲಿಲ್ಲ. ನಿಜ ಹೇಳಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಯಜಮಾನರಿದ್ದರು. ಸಾರು ಬಡಿಸಿದೆ.

ಎಂಬತ್ತರ ದಶಕದ ನಡುವೆ ನನ್ನ ಮಗಳ ಶಾಲೆಯಲ್ಲಿ ಒಂದು ಕಾರ್ಯಕ್ರಮ. ಅವಳಿಗೆ ನೆರಿಗೆಯ ಫ್ರಾಕ್ ಬೇಕಿತ್ತು. ಅಂಗಡಿಯಲ್ಲಿ ಹೊಲಿಸಿ ತಂದೆ. ನೆರಿಗೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು. ಕಾರ್ಯಕ್ರಮದ ಹಿಂದಿನ ದಿನ ಮಗಳು ಅಳುತ್ತಾ ಶಾಲೆಗೆ ಹೋದಳು. ಅವತ್ತು ನನಗೆ ರಜೆ. ಅತ್ತೆ ಮುಂಬಾಗಿಲಿಗೆ ಚಿಲಕ ಹಾಕಿ ಬಂದರು. ಇಬ್ಬರೂ ನೆಲದ ಮೇಲೆ ಕೂತು, ಸೊಂಟದ ಹೊಲಿಗೆ ಬಿಚ್ಚಿ, ಆ ತುದಿಯಿಂದ ಅವರು, ಈ ತುದಿಯಿಂದ ನಾನು, ಕೈಸೂಜಿಯಲ್ಲಿ ನೆರಿಗೆ ಹಿಡಿಯುತ್ತಾ ಬಂದೆವು. ಮೆಷಿನ್ ಅಲ್ಲೇ, ನಮ್ಮ ಬೆನ್ನ ಹಿಂದೆ, ಹೊದಿಕೆಯಡಿ ನಿಂತಿತ್ತು. ಅರ್ಧ ಮುಗಿದಿರಬೇಕು, ಯಾರೋ ಬಾಗಿಲು ತಟ್ಟಿದರು.

"ಏನ್ರೀ, ಮನೇಲಿದ್ದೀರಾ?" ಎದುರು ಮನೆಯವರ ದನಿ.

ಅತ್ತೆ ಬೆರಳು ತುಟಿಯ ಮೇಲಿಟ್ಟು ನನ್ನನ್ನು ನೋಡಿದರು. ಸೂಜಿಗಳು ಬಟ್ಟೆಯಲ್ಲೇ ನಿಂತವು. ಚಪ್ಪಲಿಯ ಸದ್ದು ಗೇಟಿನಾಚೆ ಹೋಗುವವರೆಗೂ ಇಬ್ಬರೂ ಅಲುಗಾಡದೆ ಕೂತಿದ್ದೆವು.